ಸಿಬಿಲ್ ಕೆಟ್ಟವರಿಗೆ ಎಫ್‌ಡಿ ಮೇಲಿನ ಕ್ರೆಡಿಟ್ ಕಾರ್ಡ್: ಕಾಫಿ ಸೀಮೆಯ ಲೆಕ್ಕದಲ್ಲಿ

ಚಿಕ್ಕಮಗಳೂರು ಕಡೆ ಸಿಬಿಲ್ ಸ್ಕೋರ್, ಅಂದರೆ ಸಾಲ ಎಷ್ಟು ಸರಿಯಾಗಿ ಕಟ್ಟಿದ್ದೀರಿ ಅಂತ ಬ್ಯಾಂಕಿನವರು ನೋಡುವ ನಂಬರ್, ಹಾಳಾದವರನ್ನು ನೋಡಿದರೆ, ಸಾಲ ನುಂಗುವ ಬುದ್ಧಿ ಇರುವವರು ಕಡಿಮೆ. ತೊಂದರೆ ಇರುವುದು ದುಡ್ಡು ಬರುವ ಹೊತ್ತಿನಲ್ಲಿ. ಡಿಸೆಂಬರ್‌ನಲ್ಲಿ ಅರೇಬಿಕಾ ಕುಯ್ಲು, ಅದರ ಬೆನ್ನಿಗೆ ರೋಬಸ್ಟಾ, ಕಣದಲ್ಲಿ ಒಣಗಿಸಿ ಮೂಟೆ ಕಟ್ಟಿ ಮಾರಿ ಕೈಗೆ ಕಾಸು ಬರುವಷ್ಟರಲ್ಲಿ ಬೇಸಿಗೆ. ಬೈಕ್ ಲೋನ್, ಪರ್ಸನಲ್ ಲೋನ್, ಮೊಬೈಲ್ ಕಂತುಗಳಿಗೆ ಇದೆಲ್ಲ ಗೊತ್ತಾಗುತ್ತದಾ? ಅವು ತಿಂಗಳಿಗೊಂದು ಸಲ ಕೇಳಿಯೇ ಕೇಳುತ್ತವೆ. ಆಗಸ್ಟ್ ಮಳೆಯಲ್ಲಿ ಖಾತೆ ಖಾಲಿ ಇದ್ದಾಗ ಎರಡು ಕಂತು ತಪ್ಪಿತು ಅಂದುಕೊಳ್ಳಿ, ಕಾಫಿ ಮಾರಿದ ಮೇಲೆ ಬಡ್ಡಿ ಸಮೇತ ಕಟ್ಟಿದರೂ ಆ ಎರಡು ತಿಂಗಳ ಕಲೆ ಸಾಲದ ಲೆಕ್ಕ ಇಡುವ ಸಿಬಿಲ್ ರಿಪೋರ್ಟಿನಲ್ಲಿ ಉಳಿಯುತ್ತದೆ.

ಇದನ್ನು ಸರಿ ಮಾಡಿಕೊಳ್ಳುವುದಕ್ಕೆ ಇರುವ ದಾರಿಗಳಲ್ಲಿ ನನಗೆ ಸರಳ ಅನಿಸುವುದು ಎಫ್‌ಡಿ ಮೇಲಿನ ಕ್ರೆಡಿಟ್ ಕಾರ್ಡ್. ಬ್ಯಾಂಕಿನಲ್ಲಿ ಒಂದು ಎಫ್‌ಡಿ, ಅಂದರೆ ನಿಗದಿತ ಅವಧಿಯ ಠೇವಣಿ, ಇಡುತ್ತೀರಿ. ಬ್ಯಾಂಕು ಅದನ್ನು ಅಡವಾಗಿ ಹಿಡಿದುಕೊಂಡು ಒಂದು ಕಾರ್ಡ್ ಕೊಡುತ್ತದೆ. ನೀವು ಬಿಲ್ ಕಟ್ಟದಿದ್ದರೆ ಎಫ್‌ಡಿ ಮುರಿದುಕೊಳ್ಳುತ್ತದೆ. ಅವರಿಗೆ ಭಯವಿಲ್ಲ, ಹಾಗಾಗಿ ಸ್ಕೋರ್ ಕೆಟ್ಟಿದ್ದರೂ, ಸ್ಕೋರೇ ಇಲ್ಲದಿದ್ದರೂ, ಸಂಬಳದ ಚೀಟಿ ಇಲ್ಲದಿದ್ದರೂ ಸಾಮಾನ್ಯವಾಗಿ ಕೊಡುತ್ತಾರೆ. ಎಫ್‌ಡಿಗೆ ಬರುವ ಬಡ್ಡಿ ನಿಮಗೇ ಬರುತ್ತಿರುತ್ತದೆ. ನಿಮಗೆ ಇದರಿಂದ ಬೇಕಾದದ್ದು ಒಂದೇ: ಪ್ರತಿ ತಿಂಗಳು "ಸರಿಯಾದ ಸಮಯಕ್ಕೆ ಕಟ್ಟಿದ್ದಾನೆ" ಅನ್ನುವ ಒಂದು ಸಾಲು ರಿಪೋರ್ಟಿಗೆ ಸೇರುತ್ತಾ ಹೋಗಬೇಕು. ಕ್ಯಾಶ್‌ಬ್ಯಾಕ್, ಪಾಯಿಂಟ್, ಏರ್‌ಪೋರ್ಟ್ ಲೌಂಜ್ ಎಲ್ಲ ಬಿಟ್ಟುಬಿಡಿ.

ಮೊದಲು ರಿಪೋರ್ಟ್ ತೆಗೆಯಿರಿ, ಕಾರ್ಡ್ ಆಮೇಲೆ

ಎಲ್ಲರೂ ಸಿಬಿಲ್ ಸಿಬಿಲ್ ಅನ್ನುತ್ತಾರೆ, ಆದರೆ ಈ ಲೆಕ್ಕ ಇಡುವ ಕಂಪನಿಗಳು ನಾಲ್ಕಿವೆ: ಟ್ರಾನ್ಸ್‌ಯೂನಿಯನ್ ಸಿಬಿಲ್, ಎಕ್ಸ್‌ಪೀರಿಯನ್, ಇಕ್ವಿಫ್ಯಾಕ್ಸ್, ಸಿಆರ್‌ಐಎಫ್ ಹೈ ಮಾರ್ಕ್. ನಾಲ್ಕೂ ಕಂಪನಿಗಳು ವರ್ಷಕ್ಕೆ ಒಂದು ಪೂರ್ತಿ ರಿಪೋರ್ಟ್ ಪುಕ್ಕಟೆ ಕೊಡಲೇಬೇಕು, ರಿಸರ್ವ್ ಬ್ಯಾಂಕಿನ ನಿಯಮ ಅದು. ಅವರವರ ವೆಬ್‌ಸೈಟಿಗೇ ಹೋಗಿ ತೆಗೆಯಿರಿ. ದುಡ್ಡು ಕಟ್ಟಿ ಚಂದಾದಾರರಾಗಿ ಅಂತ ದೊಡ್ಡ ಬಟನ್ ತೋರಿಸುತ್ತಾರೆ, ಪುಕ್ಕಟೆ ರಿಪೋರ್ಟಿನ ಲಿಂಕ್ ಎಲ್ಲೋ ಮೂಲೆಯಲ್ಲಿ ಇರುತ್ತದೆ. ಹುಡುಕಿ. ನಿಮ್ಮ ರಿಪೋರ್ಟನ್ನು ನೀವೇ ತೆಗೆದು ನೋಡಿದರೆ ಸ್ಕೋರ್ ಕಡಿಮೆ ಆಗುವುದಿಲ್ಲ, ಆ ಹೆದರಿಕೆ ಬೇಡ. ಸ್ವಸಹಾಯ ಸಂಘ, ಮೈಕ್ರೋಫೈನಾನ್ಸ್ ಸಾಲ ಇದ್ದವರು ಹೈ ಮಾರ್ಕ್ ರಿಪೋರ್ಟನ್ನೂ ತಪ್ಪದೆ ನೋಡಿ.

ಸ್ಕೋರ್ 300ರಿಂದ 900ರ ನಡುವೆ ಇರುತ್ತದೆ. 750 ದಾಟಿದರೆ ಬ್ಯಾಂಕಿನವರು ಮುಖ ಕೊಟ್ಟು ಮಾತಾಡುತ್ತಾರೆ. ಆದರೆ ನಂಬರಿಗಿಂತ ಒಳಗಿನ ಪುಟಗಳು ಮುಖ್ಯ. ಆಲ್ದೂರು ಕಡೆಯ ಒಂದು ತೋಟದ ರೈಟರ್ ಒಬ್ಬರ ಸಿಬಿಲ್ ರಿಪೋರ್ಟ್ ನೋಡಿದ್ದೆ. ಬೈಕ್ ಲೋನಿನ ಕೆಳಗೆ ತಿಂಗಳು ತಿಂಗಳಿಗೊಂದು ಚೌಕ. 000, 000, 000 ಅಂತ ಚೆನ್ನಾಗಿ ಹೋಗುತ್ತಿತ್ತು. ಆಮೇಲೆ 030, 060, 090. ಕಂತು ಎಷ್ಟು ದಿನ ತಡ ಅಂತ ಹೇಳುವ ನಂಬರುಗಳು ಇವು. 000 ಇದ್ದರೆ ತಡವಿಲ್ಲ. ಎಕ್ಸ್‌ಎಕ್ಸ್‌ಎಕ್ಸ್ ಅಂತ ಇದ್ದರೆ ಆ ತಿಂಗಳ ಮಾಹಿತಿ ಸಾಲ ಕೊಟ್ಟವರಿಂದ ಬಂದಿಲ್ಲ ಅಂತ. ಕೊನೆಯಲ್ಲಿ ಸಾಲದ ಸ್ಥಿತಿ ಅನ್ನುವ ಕಡೆ "ಸೆಟಲ್ಡ್" ಅಂತ ಬರೆದಿತ್ತು. ಅವರಿಗೆ ಅಲ್ಲೇ ಆಶ್ಚರ್ಯ. 41,000 ಬಾಕಿಯಲ್ಲಿ 28,000 ಕಟ್ಟಿ, ಫೈನಾನ್ಸಿನವರು ಕೊಟ್ಟ ಪತ್ರವನ್ನು ಪ್ಲಾಸ್ಟಿಕ್ ಕವರಿನಲ್ಲಿ ಜೋಪಾನವಾಗಿ ಇಟ್ಟುಕೊಂಡಿದ್ದರು, ಸಾಲ ಮುಗಿಯಿತು ಅಂತ. ವಸೂಲಿಗೆ ಬರುವವರ ಮಟ್ಟಿಗೆ ಮುಗಿದಿದೆ ನಿಜ. ರಿಪೋರ್ಟಿನ ಲೆಕ್ಕದಲ್ಲಿ "ಸೆಟಲ್ಡ್" ಅಂದರೆ ಪೂರ್ತಿ ಕಟ್ಟಲಿಲ್ಲ, ನಾವೇ ಬಿಟ್ಟುಕೊಟ್ಟೆವು ಅಂತ ಅರ್ಥ. "ರಿಟನ್ ಆಫ್", ಅಂದರೆ ವಸೂಲಾಗದ ಸಾಲ ಅಂತ ಬರೆದುಹಾಕಿದ್ದು, ಅಂತ ಇದ್ದರೆ ಇನ್ನೂ ಕಷ್ಟ.

ಇಂಥದ್ದು ಇದ್ದರೆ, ಆಗುವ ಹಾಗಿದ್ದರೆ, ಉಳಿದ ದುಡ್ಡು ಕಟ್ಟಿ "ಕ್ಲೋಸ್ಡ್" ಅಂತ ಮಾಡಿಸಿಕೊಳ್ಳುವುದು ಮೊದಲ ಕೆಲಸ. ಕಟ್ಟುವ ಮುಂಚೆ "ಪೂರ್ತಿ ಕಟ್ಟಿದರೆ ಸ್ಥಿತಿ ಬದಲಿಸಿ ಕಳಿಸುತ್ತೀರಾ" ಅಂತ ಬರಹದಲ್ಲಿ ಕೇಳಿ. ಕಟ್ಟಿದ ಮೇಲೆ ಬಾಕಿ ಇಲ್ಲ ಅನ್ನುವ ಪತ್ರ, ಅಂದರೆ ಎನ್‌ಒಸಿ, ಕೈಗೆ ತೆಗೆದುಕೊಳ್ಳಿ. ಕಾರ್ಡ್ ಒಂದು ಕಡೆ ಹೊಸ 000ಗಳನ್ನು ಸೇರಿಸುತ್ತಿರುವಾಗ ಇನ್ನೊಂದು ಕಡೆ ಹಳೇ ಸಾಲ ತಿಂಗಳು ತಿಂಗಳು ಬಾಕಿ ತೋರಿಸುತ್ತಿದ್ದರೆ ಏನೂ ಪ್ರಯೋಜನವಿಲ್ಲ. ಮನ್ನಾ ಆಗಬಹುದು ಅಂತ ಕಾಯುತ್ತಾ ಬೆಳೆ ಸಾಲ ನಿಲ್ಲಿಸಿಕೊಂಡವರಿಗೂ ಇದೇ ಮಾತು.

ಇನ್ನೊಂದು, ಜಾಮೀನು. ನೆಂಟರ ಟ್ರ್ಯಾಕ್ಟರ್ ಲೋನಿಗೆ ಸಹಿ ಹಾಕಿ ಮರೆತುಬಿಟ್ಟಿರುತ್ತೀರಿ. ಅದು ನಿಮ್ಮ ರಿಪೋರ್ಟಿನಲ್ಲೂ ಇರುತ್ತದೆ. ಅವರು ಕಂತು ತಪ್ಪಿಸಿದರೆ ನಿಮಗೂ ಪೆಟ್ಟು. ನಮ್ಮ ಕಡೆ ಜಾಮೀನು ಹಾಕಲ್ಲ ಅನ್ನುವುದು ಸಂಬಂಧಕ್ಕೇ ಕುತ್ತು ತರುವ ಮಾತು ಅಂತ ಗೊತ್ತು, ಆದರೂ ಹೇಳಬೇಕಾದ್ದು ಹೇಳಿದೆ.

ನಿಮ್ಮದಲ್ಲದ ಸಾಲ ಕಂಡರೆ, ಅಥವಾ ತೀರಿಸಿದ ಸಾಲ ಬಾಕಿ ಅಂತ ಇದ್ದರೆ, ಆ ಕಂಪನಿಯ ವೆಬ್‌ಸೈಟಿನಲ್ಲೇ ತಕರಾರು ಹಾಕಿ. ಖರ್ಚಿಲ್ಲ. 30 ದಿನದೊಳಗೆ ಬಗೆಹರಿಸಬೇಕು, ಅದು ದಾಟಿದರೆ ದಿನಕ್ಕೆ 100 ರೂಪಾಯಿ ಪರಿಹಾರ ಕೊಡಬೇಕು. ಆಗಲೂ ಆಗದಿದ್ದರೆ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ ದೂರು ಕೊಡಬಹುದು, ಮಾಹಿತಿಗೆ 14448ಕ್ಕೆ ಫೋನ್ ಮಾಡಿ. ಇಷ್ಟನ್ನು ನೀವೇ ಮಾಡಬಹುದಾಗಿರುವಾಗ, ಕರೆಂಟ್ ಕಂಬಕ್ಕೆ "ಸಿಬಿಲ್ ಕ್ಲಿಯರ್ ಮಾಡಿಕೊಡಲಾಗುವುದು" ಅಂತ ಚೀಟಿ ಅಂಟಿಸುವವರಿಗೆ ಐದು ಹತ್ತು ಸಾವಿರ ಯಾಕೆ ಕೊಡಬೇಕು? ಸರಿಯಾಗಿರುವ ಕೆಟ್ಟ ದಾಖಲೆಯನ್ನು ಅಳಿಸುವುದು ಯಾರ ಕೈಯಲ್ಲೂ ಇಲ್ಲ. ತಪ್ಪು ದಾಖಲೆಯನ್ನು ತಿದ್ದಿಸುವುದು ಪುಕ್ಕಟೆ.

ಎಫ್‌ಡಿ ಎಲ್ಲಿ, ಎಷ್ಟು

ಹಳೇ ಬಾಕಿ ಇರುವ ಬ್ಯಾಂಕಿನಲ್ಲೇ ಈ ಎಫ್‌ಡಿ ಇಡಬೇಡಿ. ನಿಮ್ಮ ಠೇವಣಿಯನ್ನು ಬಾಕಿಗೆ ಹೊಂದಿಸಿಕೊಳ್ಳುವ ಹಕ್ಕು ಬ್ಯಾಂಕಿಗೆ ಇರುತ್ತದೆ. ಬೇರೆ ಬ್ಯಾಂಕ್ ನೋಡಿ.

ಊರಿನ ಸೌಹಾರ್ದ ಸಹಕಾರಿಯಲ್ಲೋ ಸೊಸೈಟಿಯಲ್ಲೋ ಇಟ್ಟಿರುವ ಠೇವಣಿ ಈ ಕೆಲಸಕ್ಕೆ ಬರುವುದಿಲ್ಲ, ಕ್ರೆಡಿಟ್ ಕಾರ್ಡ್ ಕೊಡುವ ಬ್ಯಾಂಕೇ ಆಗಬೇಕು. ಬ್ಯಾಂಕ್ ಠೇವಣಿಗೆ ಒಬ್ಬರಿಗೆ ಒಂದು ಬ್ಯಾಂಕಿನಲ್ಲಿ 5 ಲಕ್ಷದವರೆಗೆ ವಿಮೆಯೂ ಇದೆ, ಸೊಸೈಟಿ ಠೇವಣಿಗೆ ಆ ವಿಮೆ ಇಲ್ಲ.

ಬ್ರಾಂಚಿಗೆ ಹೋಗಿ "ಎಫ್‌ಡಿ ಮೇಲೆ ಕ್ರೆಡಿಟ್ ಕಾರ್ಡ್ ಕೊಡ್ತೀರಾ" ಅಂತ ನೇರವಾಗಿ ಕೇಳಿ. ಸಣ್ಣ ಊರಿನ ಬ್ರಾಂಚುಗಳಲ್ಲಿ ಕೆಲವೊಮ್ಮೆ ಅಲ್ಲಿನವರಿಗೇ ಗೊತ್ತಿರುವುದಿಲ್ಲ, "ಎಫ್‌ಡಿ ಮೇಲೆ ಲೋನ್ ಇದೆ, ತಗೊಳ್ಳಿ" ಅನ್ನುತ್ತಾರೆ, ಇಲ್ಲವೇ ಒಂದು ಇನ್ಶೂರೆನ್ಸ್ ಪಾಲಿಸಿ ಮುಂದೆ ಇಡುತ್ತಾರೆ. ಬೇಡ ಅನ್ನಿ. ಆ್ಯಪ್‌ನಲ್ಲೇ ಎಫ್‌ಡಿ ಮಾಡಿ ಕಾರ್ಡ್ ಕೊಡುವ ಬ್ಯಾಂಕುಗಳೂ ಇವೆ. ಎಲ್ಲಾದರೂ ಸರಿ, ಇವಿಷ್ಟನ್ನು ಕೇಳಿ ತಿಳಿದುಕೊಳ್ಳಿ: ವಾರ್ಷಿಕ ಶುಲ್ಕ ಇದೆಯಾ, ಎಫ್‌ಡಿಯ ಎಷ್ಟು ಭಾಗ ಲಿಮಿಟ್ (ಕಾರ್ಡಿನಲ್ಲಿ ಹೆಚ್ಚೆಂದರೆ ಖರ್ಚು ಮಾಡಬಹುದಾದ ಮೊತ್ತ) ಸಿಗುತ್ತದೆ, ನಾಲ್ಕೂ ಕಂಪನಿಗಳಿಗೆ ಮಾಹಿತಿ ಕಳಿಸುತ್ತೀರಾ, ಕಾರ್ಡ್ ರುಪೇ ಆಗಿದ್ದು ಯುಪಿಐಗೆ ಜೋಡಿಸಬಹುದಾ. ಕಡೆಯದ್ದು ಸಣ್ಣ ಊರಿನವರಿಗೆ ತುಂಬಾ ಉಪಯೋಗ, ಮುಂದೆ ಹೇಳುತ್ತೇನೆ. ವಾರ್ಷಿಕ ಶುಲ್ಕ ಇಲ್ಲದ ಕಾರ್ಡ್ ಸಿಕ್ಕರೆ ಅದನ್ನೇ ತೆಗೆದುಕೊಳ್ಳಿ.

ಪ್ಯಾನ್, ಆಧಾರ್ ಬೇಕು. ಎಫ್‌ಡಿ ನಿಮ್ಮೊಬ್ಬರ ಹೆಸರಲ್ಲೇ ಇದ್ದರೆ ತಕರಾರು ಬರುವುದಿಲ್ಲ. ತಾನಾಗಿಯೇ ಮುಂದುವರಿಯುವ ಎಫ್‌ಡಿ ಮಾಡಿಸಿ, ಇಲ್ಲದಿದ್ದರೆ ಅವಧಿ ಮುಗಿದಾಗ ಕಾರ್ಡಿಗೂ ತೊಡಕು.

ಎಷ್ಟು ಇಡಬೇಕು? ಕನಿಷ್ಠ ಮೊತ್ತ ಬ್ಯಾಂಕಿನಿಂದ ಬ್ಯಾಂಕಿಗೆ ಬೇರೆ. ಲೆಕ್ಕಕ್ಕೆ 25,000 ಅಂತ ಇಟ್ಟುಕೊಳ್ಳೋಣ. ಶೇ. 80 ಲಿಮಿಟ್ ಕೊಟ್ಟರೆ 20,000. ನಮ್ಮ ಕೆಲಸಕ್ಕೆ ಧಾರಾಳ ಸಾಕು. ಒಂದು ಮಾತು ಗಟ್ಟಿಯಾಗಿ ಹೇಳುತ್ತೇನೆ, ಕೈಸಾಲ ಮಾಡಿ ಎಫ್‌ಡಿ ಇಡಬೇಡಿ. ಮನೆಯಲ್ಲಿ ಯಾರಿಗಾದರೂ ಹುಷಾರು ತಪ್ಪಿದರೆ ಬೇಕಾಗುತ್ತದೆ ಅಂತ ಇಟ್ಟ ದುಡ್ಡನ್ನೂ ಇಡಬೇಡಿ. ಕಾರ್ಡ್ ಇರುವಷ್ಟು ದಿನ ಆ ಎಫ್‌ಡಿ ಮುಟ್ಟುವ ಹಾಗಿಲ್ಲ. ಕಾಫಿ ಮಾರಿದ ಕೈಯಲ್ಲಿ, ಮಾರ್ಚ್ ಏಪ್ರಿಲ್‌ನಲ್ಲಿ, ಹೂ ಮಳೆ ಬೀಳುವ ಹೊತ್ತಿಗೆ ಇದನ್ನು ಮಾಡಿಕೊಳ್ಳುವುದು ಒಳ್ಳೆಯದು.

ಕಾರ್ಡ್ ಬಂತು, ಈಗ?

ಒಂದೇ ಒಂದು ಖರ್ಚನ್ನು ಅದರ ಮೇಲೆ ಹಾಕಿ. ಕರೆಂಟ್ ಬಿಲ್ ಅಂತ ಹೇಳೋಣ ಅಂದರೆ ಗೃಹಜ್ಯೋತಿಯಿಂದ ಎಷ್ಟೋ ಮನೆಗಳ ಮೆಸ್ಕಾಂ ಬಿಲ್ ಸೊನ್ನೆ ಬರುತ್ತಿದೆ. ಹಾಗಾಗಿ ಮೊಬೈಲ್ ರೀಚಾರ್ಜ್, ಗ್ಯಾಸ್ ಸಿಲಿಂಡರ್, ತಿಂಗಳ ದಿನಸಿ, ಯಾವುದಾದರೂ ಆಗಬಹುದು. ಪೆಟ್ರೋಲ್ ಹಾಕಿಸುವುದಾದರೆ ಶೇ. 1ರ ಹತ್ತಿರ ಸರ್‌ಚಾರ್ಜ್ ಬೀಳಬಹುದು, ನೋಡಿಕೊಳ್ಳಿ. ರುಪೇ ಕಾರ್ಡನ್ನು ಯುಪಿಐ ಆ್ಯಪ್‌ಗೆ ಜೋಡಿಸಿಕೊಂಡರೆ ಸ್ವೈಪ್ ಮೆಷಿನ್ ಇಲ್ಲದ ದಿನಸಿ ಅಂಗಡಿಯಲ್ಲೂ ಸ್ಕ್ಯಾನ್ ಮಾಡಿ ಕೊಡಬಹುದು. ಅಂಗಡಿಯ ಕ್ಯೂಆರ್ ವ್ಯಾಪಾರಿ ಖಾತೆಯದ್ದಾಗಿರಬೇಕು ಅಷ್ಟೇ. ಬುಧವಾರದ್ದೋ ಭಾನುವಾರದ್ದೋ ಸಂತೆಯಲ್ಲಿ ಸೊಪ್ಪು ಮಾರುವವರ ಸ್ವಂತ ಖಾತೆಗೆ, ಗೆಳೆಯರ ನಂಬರಿಗೆ ಇದರಿಂದ ಹೋಗುವುದಿಲ್ಲ.

ಲಿಮಿಟ್‌ನ ಶೇ. 30 ದಾಟಬೇಡಿ. 20,000ಕ್ಕೆ 6,000 ಆಯಿತು. ಇನ್ನೂ ಕಡಿಮೆ ಇದ್ದರೆ ಇನ್ನೂ ಒಳ್ಳೆಯದು. ಲಿಮಿಟ್ ಪೂರ್ತಿ ಬಳಸಿ, ಕಡೇ ದಿನ ಪೂರ್ತಿ ಕಟ್ಟಿದರೂ "ಈ ಮನುಷ್ಯ ಸಾಲದ ಮೇಲೇ ಬದುಕುತ್ತಿದ್ದಾನೆ" ಅನ್ನುವ ಹಾಗೆ ರಿಪೋರ್ಟಿನಲ್ಲಿ ಕಾಣುತ್ತದೆ. ಯಾವುದೋ ತಿಂಗಳು ಜಾಸ್ತಿ ಖರ್ಚಾಯಿತು ಅಂದರೆ ಬಿಲ್ ತಯಾರಾಗುವ ತಾರೀಕಿಗೆ ಮುಂಚೆಯೇ ಒಂದಿಷ್ಟು ಕಟ್ಟಿಬಿಡಿ.

ಎರಡು ತಾರೀಕು ನೆನಪಿಡಿ. ಬಿಲ್ ತಯಾರಾಗುವ ದಿನ ಒಂದು, ಕಟ್ಟಬೇಕಾದ ಕಡೇ ದಿನ ಇನ್ನೊಂದು. ನಡುವೆ ಸಾಮಾನ್ಯವಾಗಿ 15ರಿಂದ 20 ದಿನ ಇರುತ್ತದೆ. ಡೇರಿ ದುಡ್ಡೋ ಸಂಬಳವೋ ಬರುವ ದಿನಕ್ಕೆ ಇದು ಹೊಂದದಿದ್ದರೆ ಬಿಲ್ಲಿನ ಸೈಕಲ್ ಬದಲಿಸಿಕೊಡಿ ಅಂತ ಕೇಳಿ. ಕನಿಷ್ಠ ಒಂದು ಸಲವಾದರೂ ಬದಲಿಸಲು ಅವಕಾಶ ಕೊಡಬೇಕು ಅಂತ ರಿಸರ್ವ್ ಬ್ಯಾಂಕ್ ನಿಯಮವೇ ಇದೆ.

ಈಗ ಮುಖ್ಯವಾದ ವಿಷಯ. ಬಿಲ್ಲಿನಲ್ಲಿ ಎರಡು ಮೊತ್ತ ಇರುತ್ತವೆ: ಟೋಟಲ್ ಅಮೌಂಟ್ ಡ್ಯೂ ಅಂದರೆ ಪೂರ್ತಿ ಬಾಕಿ, ಮಿನಿಮಮ್ ಅಮೌಂಟ್ ಡ್ಯೂ ಅಂದರೆ ಸದ್ಯಕ್ಕೆ ಕಟ್ಟಲೇಬೇಕಾದ ಕನಿಷ್ಠ ಮೊತ್ತ. 6,000ದ ಬಿಲ್ಲಿಗೆ ಮಿನಿಮಮ್ 300 ಅಂತ ತೋರಿಸಿದರೆ ಯಾರಿಗೆ ತಾನೇ ಆಸೆಯಾಗುವುದಿಲ್ಲ? 300 ಕಟ್ಟಿದರೆ ರಿಪೋರ್ಟಿನಲ್ಲಿ ತಡ ಅಂತ ಬೀಳುವುದಿಲ್ಲ, ಅದು ನಿಜ. ಆದರೆ ಉಳಿದ 5,700ಕ್ಕೆ ತಿಂಗಳಿಗೆ ಶೇ. 3.5 ಬಡ್ಡಿ ಅಂದರೆ 200 ರೂಪಾಯಿ, ಅದರ ಮೇಲೆ ಶೇ. 18 ಜಿಎಸ್‌ಟಿ ಸೇರಿ 235ರ ಹತ್ತಿರ. ಬಾಕಿ ಇರುವಷ್ಟು ದಿನ ಹೊಸದಾಗಿ ಕೊಂಡದ್ದಕ್ಕೂ ಕೊಂಡ ದಿನದಿಂದಲೇ ಬಡ್ಡಿ ಓಡುತ್ತದೆ. ಆ 5,700 ವರ್ಷವಿಡೀ ಹಾಗೇ ಉಳಿಯಿತು ಅಂದರೆ 2,800 ರೂಪಾಯಿ ಬಡ್ಡಿಗೇ ಹೋಯಿತು. ನಿಮ್ಮ 25,000ದ ಎಫ್‌ಡಿ ಶೇ. 6.5ರ ಲೆಕ್ಕದಲ್ಲಿ ಅದೇ ಒಂದು ವರ್ಷದಲ್ಲಿ ತರುವುದು 1,625. ಅಡವಿಟ್ಟದ್ದು ನಿಮ್ಮದೇ ದುಡ್ಡು, ಆದರೂ ಬಡ್ಡಿ ಮಾತ್ರ ಪೂರ್ತಿ ಕ್ರೆಡಿಟ್ ಕಾರ್ಡಿನ ಬಡ್ಡಿ.

ಅದಕ್ಕೆ ಆಟೋ ಪೇ (ಬಿಲ್ ತಾನಾಗಿಯೇ ಖಾತೆಯಿಂದ ಕಟ್ಟಿಹೋಗುವ ಏರ್ಪಾಡು) ಹಾಕಿ, "ಟೋಟಲ್" ಅಂತ ಆರಿಸಿ. ಎಷ್ಟೋ ಕಡೆ ಮೊದಲೇ "ಮಿನಿಮಮ್" ಟಿಕ್ ಆಗಿರುತ್ತದೆ. ಮಳೆಗಾಲದಲ್ಲಿ ಮೂಡಿಗೆರೆ, ಕಳಸ, ಕೊಪ್ಪದ ಕಡೆಯವರಿಗೆ ಇದು ಇನ್ನೂ ಮುಖ್ಯ. ಮರ ಬಿದ್ದು ನಾಲ್ಕು ದಿನ ಕರೆಂಟಿಲ್ಲ, ಟವರ್ ಸತ್ತಿದೆ, ಮೊಬೈಲ್ ಚಾರ್ಜ್ ಇಲ್ಲ, ಕಡೇ ದಿನ ಕಟ್ಟೋಣ ಅಂತ ಕೂತವರ ಕಥೆ ಅಷ್ಟೇ. ಕಡೇ ದಿನ ದಾಟಿ ಮೂರು ದಿನದೊಳಗೆ ಕಟ್ಟಿದರೆ ದಂಡ ಹಾಕುವ ಹಾಗಿಲ್ಲ, ಬಾಕಿ ಅಂತ ವರದಿ ಮಾಡುವ ಹಾಗೂ ಇಲ್ಲ. ಆದರೆ ನಾಲ್ಕನೇ ದಿನಕ್ಕೆ ಹೋಯಿತು ಅಂದರೆ ಎಣಿಕೆ ಮೊದಲ ದಿನದಿಂದಲೇ.

ಆಟೋ ಪೇ ಕೆಲಸ ಮಾಡುವುದಕ್ಕೆ ಖಾತೆಯಲ್ಲಿ ದುಡ್ಡು ಇರಬೇಕಲ್ವಾ. ಕಾಫಿಯವರಿಗೆ, ಅಡಿಕೆಯವರಿಗೆ ನಾನು ಹೇಳುವ ಉಪಾಯ ಇದು. ತಿಂಗಳಿಗೆ ಕಾರ್ಡಿನ ಮೇಲೆ 1,000 ರೂಪಾಯಿ ಮಾತ್ರ ಖರ್ಚು ಅಂತ ನಿಶ್ಚಯ ಮಾಡಿ. ಮಾಲು ಮಾರಿದ ದಿನವೇ 12,000 ತೆಗೆದು, ಬೇರೆ ಯಾವುದಕ್ಕೂ ಬಳಸದ ಒಂದು ಉಳಿತಾಯ ಖಾತೆಯಲ್ಲಿ ಹಾಕಿ, ಆಟೋ ಪೇ ಅದಕ್ಕೇ ಜೋಡಿಸಿ. ಮಿನಿಮಮ್ ಬ್ಯಾಲೆನ್ಸ್ ಕೇಳುವ ಖಾತೆಯಾದರೆ ಅದಕ್ಕೂ ಸೇರಿಸಿ ಹಾಕಿ. ಬೇಲಿಗೆ ಬೇಕು, ಗೊಬ್ಬರಕ್ಕೆ ಬೇಕು ಅಂತ ಆ ಖಾತೆಗೆ ಕೈ ಹಾಕದಿದ್ದರೆ ವರ್ಷದ ಹನ್ನೆರಡು ಚೌಕಗಳಿಗೂ ತಾನಾಗಿಯೇ 000 ಬೀಳುತ್ತಾ ಹೋಗುತ್ತದೆ. ಹಾಸನ ಕಡೆ ಆಲೂಗಡ್ಡೆ, ಶುಂಠಿ ಹಾಕುವವರಿಗೂ ಇದೇ ಲೆಕ್ಕ ನಡೆಯುತ್ತದೆ. ಅಲ್ಲಿ ರೇಟು ಇನ್ನೂ ಜೂಜು, ಹಾಗಾಗಿ ಒಳ್ಳೆಯ ರೇಟ್ ಸಿಕ್ಕ ವರ್ಷ ಎರಡು ವರ್ಷದ್ದು ಎತ್ತಿಟ್ಟರೂ ತಪ್ಪಿಲ್ಲ.

ಮಾಡಬಾರದ್ದು

ಎಟಿಎಂನಲ್ಲಿ ಈ ಕಾರ್ಡ್ ಹಾಕಿ ನಗದು ತೆಗೆಯಬೇಡಿ. ಕುಯ್ಲಿನ ಹೊತ್ತಿನಲ್ಲಿ ವಾರದ ಬಟವಾಡೆಗೆ ಕಾಸು ಸಾಲದೆ ಬಂದಾಗ ಜೇಬಿನಲ್ಲಿರುವ ಕಾರ್ಡ್ ನೆನಪಾಗುತ್ತದೆ, ಗೊತ್ತು. ನಗದಿಗೆ ಬಡ್ಡಿಯಿಲ್ಲದ ದಿನ ಅನ್ನುವುದೇ ಇಲ್ಲ, ತೆಗೆದ ಗಳಿಗೆಯಿಂದ ಬಡ್ಡಿ, ಮೇಲೆ ನಗದು ತೆಗೆದ ಶುಲ್ಕ. ಅಷ್ಟು ತುರ್ತಿದ್ದರೆ ಚಿನ್ನದ ಸಾಲ ಎಷ್ಟೋ ಅಗ್ಗ. ಕಾರ್ಡ್ ಉಜ್ಜಿಸಿ, ಕಮಿಷನ್ ಹಿಡಿದು ನಗದು ಕೊಡುವ ಅಂಗಡಿಗಳ ಕಡೆ ತಲೆ ಹಾಕಿಯೂ ಮಲಗಬೇಡಿ.

ಒಂದು ಕಾರ್ಡ್ ಸಿಕ್ಕಿತು ಅಂತ ಇನ್ನೂ ನಾಲ್ಕು ಕಡೆ ಅರ್ಜಿ ಹಾಕಬೇಡಿ. ಪ್ರತಿ ಅರ್ಜಿಗೂ ಬ್ಯಾಂಕು ನಿಮ್ಮ ರಿಪೋರ್ಟ್ ತೆಗೆಸುತ್ತದೆ, ಅದು ದಾಖಲಾಗುತ್ತದೆ, ಸ್ಕೋರ್ ಸ್ವಲ್ಪ ಸ್ವಲ್ಪ ಇಳಿಯುತ್ತದೆ. ಮೊಬೈಲಿನಲ್ಲಿ ಎರಡು ನಿಮಿಷಕ್ಕೆ ಸಾಲ ಕೊಡುವ ಆ್ಯಪ್‌ಗಳೂ ಇದರಲ್ಲೇ ಬಂತು. "ಲಿಮಿಟ್ ಜಾಸ್ತಿ ಮಾಡಿಕೊಡ್ತೀವಿ, ಓಟಿಪಿ ಹೇಳಿ ಸರ್" ಅಂತ ಬರುವ ಫೋನ್ ಇಟ್ಟುಬಿಡಿ. ಕಾರ್ಡನ್ನು ಭಾವಮೈದನಿಗೆ ಫೋನ್ ಕೊಳ್ಳಲು ಕೊಡುವುದು ಜಾಮೀನು ಹಾಕಿದಷ್ಟೇ ಅಪಾಯ.

ಹಾಗಂತ ಕಾರ್ಡನ್ನು ಬೀರುವಿನಲ್ಲಿ ಇಟ್ಟು ಬಳಸದೆಯೂ ಇರಬೇಡಿ. ಬಳಸದ ಕಾರ್ಡಿನಿಂದ ಕಟ್ಟಿದ ಚರಿತ್ರೆ ಹುಟ್ಟುವುದಿಲ್ಲ. ಒಂದು ವರ್ಷಕ್ಕಿಂತ ಜಾಸ್ತಿ ಸುಮ್ನೆ ಬಿಟ್ಟರೆ ಬ್ಯಾಂಕು ನೋಟಿಸ್ ಕೊಟ್ಟು ಮುಚ್ಚಿಯೂ ಬಿಡಬಹುದು.

ಎಷ್ಟು ದಿನ ಬೇಕು?

2025ರ ಜನವರಿಯಲ್ಲಿ ಬ್ಯಾಂಕುಗಳು 15 ದಿನಕ್ಕೊಮ್ಮೆ ಮಾಹಿತಿ ಕಳಿಸಬೇಕು ಅಂತ ನಿಯಮ ಬಂತು, ಮುಂಚೆ ತಿಂಗಳಿಗೊಮ್ಮೆ ಇತ್ತು. ಹಾಗಂತ ಸ್ಕೋರ್ ಹದಿನೈದು ದಿನಕ್ಕೆ ಏರುತ್ತದೆ ಅಂದುಕೊಳ್ಳಬೇಡಿ. ಸಾಲವನ್ನೇ ಮಾಡದೆ ಸ್ಕೋರ್ ಇಲ್ಲದವರಿಗೆ ಆರು ತಿಂಗಳ ಹೊತ್ತಿಗೆ ಒಂದು ನಂಬರ್ ಕಾಣಿಸಿಕೊಳ್ಳುತ್ತದೆ. ಕೆಡಿಸಿಕೊಂಡವರಿಗೆ ತಾಳ್ಮೆ ಬೇಕು, ಒಂದು ವರ್ಷ ತಪ್ಪದೆ ಕಟ್ಟಿದ ಮೇಲೆ ವ್ಯತ್ಯಾಸ ಗೊತ್ತಾಗುತ್ತದೆ. ಸಿಬಿಲ್ ರಿಪೋರ್ಟಿನಲ್ಲಿ 36 ತಿಂಗಳ ಪಾವತಿ ಚರಿತ್ರೆ ತೋರಿಸುತ್ತಾರೆ, ಹಳೇ 090ಗಳು ಒಂದೊಂದಾಗಿ ಹಿಂದೆ ಸರಿದು ಹೊಸ 000ಗಳು ಮುಂದೆ ಬರುವವರೆಗೆ ಕಾಯುವುದೇ ಕೆಲಸ. ವಾರವಾರ ಸ್ಕೋರ್ ನೋಡಿ ತಲೆ ಕೆಡಿಸಿಕೊಳ್ಳುವುದರಿಂದ ಏನೂ ಆಗುವುದಿಲ್ಲ, ನಾಲ್ಕು ಕಂಪನಿಗಳ ಪುಕ್ಕಟೆ ರಿಪೋರ್ಟನ್ನು ಮೂರು ತಿಂಗಳಿಗೊಂದರಂತೆ ತೆಗೆದರೆ ವರ್ಷ ಪೂರ್ತಿ ಕಣ್ಣಿಟ್ಟ ಹಾಗಾಯಿತು.

ನಡುವೆ ಒಂದು ವೇಳೆ ಕಟ್ಟಲಾಗದೆ ಹೋಯಿತು, ಬ್ಯಾಂಕು ಎಫ್‌ಡಿ ಮುರಿದು ಬಾಕಿ ತೆಗೆದುಕೊಂಡಿತು ಅಂದರೆ, ದುಡ್ಡು ವಸೂಲಾದರೂ ತಡವಾದ ದಿನಗಳು ರಿಪೋರ್ಟಿಗೆ ಬಿದ್ದಿರುತ್ತವೆ. ಹಾಗಾಗಿ ಕಷ್ಟ ಬರುವ ಸೂಚನೆ ಕಂಡ ಕೂಡಲೇ ಖರ್ಚು ನಿಲ್ಲಿಸಿ, ಮಿನಿಮಮ್ ಆದರೂ ಕಟ್ಟಿ ದಾಟಿಕೊಳ್ಳಿ. ಬಡ್ಡಿ ಹೋಗುತ್ತದೆ, ಆದರೆ ಚೌಕದಲ್ಲಿ 000 ಉಳಿಯುತ್ತದೆ. ಮಿನಿಮಮ್ ಕಟ್ಟುವುದಕ್ಕೆ ನಾನು ಒಪ್ಪುವ ಸಂದರ್ಭ ಇದೊಂದೇ.

ವರ್ಷ ಒಂದೂವರೆ ವರ್ಷ ಚೆನ್ನಾಗಿ ನಡೆದ ಮೇಲೆ ಎಫ್‌ಡಿ ಇಲ್ಲದ ಸಾಮಾನ್ಯ ಕಾರ್ಡಿಗೆ ಬದಲಿಸಿಕೊಡುತ್ತೀರಾ ಅಂತ ಅದೇ ಬ್ಯಾಂಕಿಗೆ ಕೇಳಿ. ಕೊಟ್ಟರೆ ಸರಿ. ಕೊಡದಿದ್ದರೂ ಅವಸರ ಮಾಡಿ ಹಳೇ ಕಾರ್ಡ್ ಮುಚ್ಚಬೇಡಿ, ಮೊದಲು ಇನ್ನೊಂದು ಕಾರ್ಡೋ ಸಾಲವೋ ಮಂಜೂರಾಗಲಿ. ಮುಚ್ಚುವಾಗ ಬಾಕಿ ಪೂರ್ತಿ ಕಟ್ಟಿ, ಮುಚ್ಚಿ ಅಂತ ಇಮೇಲ್‌ನಲ್ಲೋ ಆ್ಯಪ್‌ನಲ್ಲೋ ದಾಖಲೆ ಉಳಿಯುವ ಹಾಗೆ ಕೇಳಿ. ಏಳು ಕೆಲಸದ ದಿನದೊಳಗೆ ಮುಚ್ಚಬೇಕು, ತಡ ಮಾಡಿದರೆ ದಿನಕ್ಕೆ 500 ರೂಪಾಯಿ ನಿಮಗೆ ಕೊಡಬೇಕು. ಮುಚ್ಚಿದ ಪತ್ರ ಬಂದ ಮೇಲೆ ಬ್ರಾಂಚಿನಲ್ಲಿ ಎಫ್‌ಡಿ ಮೇಲಿನ ಅಡವು, ಅವರ ಭಾಷೆಯಲ್ಲಿ ಲೀನ್, ತೆಗೆದಿದ್ದಾರಾ ಅಂತ ಕೇಳಿ. ಕಾರ್ಡ್ ಮುಚ್ಚಿದ ಮಾತ್ರಕ್ಕೆ ಅದು ಹೋಗಿರುತ್ತದೆ ಅಂತ ನಂಬಿಕೊಂಡು ಕೂರಬೇಡಿ, ಅಲ್ಲೇ ನಿಂತು ಕಂಪ್ಯೂಟರಿನಲ್ಲಿ ತೋರಿಸಿ ಅನ್ನಿ.